ಕಟ್ಟಕ್ಕನ ಉದ್ದ ತೋಳು

ಎಲೆ ಕಟ್ಟುವ ಕೆಲಸವಾದ್ದರಿಂದ ಅವಳನ್ನು ಎಲ್ಲರೂ ಕಟ್ಟಕ್ಕ ಅನ್ನುತ್ತಿದ್ದರು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಬೇಕಾಗಿತ್ತು.

ದಟ್ಟ ಕಾಡಿನ ಅಂಚಿಗೆ ಒಂದು ಸಸ್ಯತೋಟ. ಹೂಗುಚ್ಛ ಕಟ್ಟುವಾಗ ಹೂವಿನ ಜೊತೆಗೆ ಹಸಿರೆಲೆಯ ರೆಂಬೆಯನ್ನೂ ಸಿಗಿಸುತ್ತಾರಲ್ಲ, ಅಂಥ ಎಲೆಯನ್ನು ದೂರದಿಂದ ತರಿಸುವ ಬದಲು ಕಾಡಿನ ಗಿಡಗಳನ್ನೇ ಬೆಳೆಸಿ ಮಾರಬಹುದೇ ಎಂದು ಅಲ್ಲಿ ಪರೀಕ್ಷೆ ನಡೆಯುತ್ತಿತ್ತು. ಕತ್ತರಿಸಿದ ರೆಂಬೆ ಹೂದಾನಿಯಲ್ಲಿ ಎಷ್ಟು ದಿನ ಬಾಡದೆ ನಿಲ್ಲುತ್ತದೆ, ಪೆಟ್ಟಿಗೆಯಲ್ಲಿ ಮಲಗಿಸಿ ಕಳಿಸಿದರೆ ಎಲೆ ಕಪ್ಪಾಗುತ್ತದೋ, ಮುಟ್ಟಿದವರಿಗೆ ಏನಾದರೂ ಆಗುತ್ತದೋ, ಎಲ್ಲವನ್ನೂ ನೋಡಬೇಕು. ಗಿಡಗಳಿಗೆ, ಪರೀಕ್ಷೆ ನಡೆಸುವ ಮೇಡಂ ನಂಬರು ಕೊಟ್ಟಿದ್ದರು. ಶೆಡ್ಡಿನಲ್ಲಿ ಕೂತು ಎಲೆ ಕಟ್ಟುವ ಹೆಂಗಸರು ಹೆಸರಿಟ್ಟಿದ್ದರು. ಮಾರನೆಯ ದಿನವೇ ಕತ್ತು ಜೋಲು ಬಿಡುವುದು ಸೋಮಾರಿ. ಮುಟ್ಟಿದರೆ ಎಲೆ ಉದುರಿಸುವುದು ಮುನಿಸಿನ ಸೊಸೆ. ಕೆಂಪು ತೊಟ್ಟು, ಎಣ್ಣೆ ಹಚ್ಚಿದ ಹಾಗೆ ಮಿರುಗುವ ಕರಿಹಸಿರೆಲೆ ಇದ್ದದ್ದು ಮದುಮಗ. ಮಿಕ್ಕವೆಲ್ಲ ಬಾಡಿ ತಿಪ್ಪೆ ಸೇರಿದ ಮೇಲೂ ಅವನು ಹೂದಾನಿಯಲ್ಲಿ ಎದೆ ಸೆಟೆಸಿ ನಿಂತಿರುತ್ತಿದ್ದ.

ಕಟ್ಟಕ್ಕನಿಗೆ ಅವನ ಮೇಲೆ ಹೆತ್ತ ಮಗನ ಮೇಲಿನಷ್ಟು ಹೆಮ್ಮೆ. ರೆಂಬೆಯ ಕೆಳಗಿನ ಎಲೆ ಕಿತ್ತು, ತುದಿ ಸಮ ಮಾಡಿ, ಕಟ್ಟು ಕಟ್ಟಿ ಬಕೆಟ್ಟಿಗೆ ಇಳಿಸುವುದು ಅವಳ ಕೆಲಸ. ಎಲೆ ಕಿತ್ತಲ್ಲಿ ಹಾಲು ಜಿನುಗಿ, ಗಾಳಿ ತಾಗಿದರೆ ಕಪ್ಪಾಗುತ್ತಿತ್ತು. ಅದನ್ನು ಉಟ್ಟ ಬಟ್ಟೆಗೆ ಒರೆಸಿಕೊಂಡು ಮುಂದಿನ ರೆಂಬೆಗೆ ಕೈ ಹಾಕುತ್ತಿದ್ದಳು.

ಮಳೆಗಾಲದ ಮೊದಲಿಗೆ ಮುಂಗೈಯಲ್ಲಿ ತುರಿಕೆ ಶುರುವಾಯಿತು. ಆಮೇಲೆ ನೀರುಗುಳ್ಳೆ ಎದ್ದು ಮೊಣಕೈವರೆಗೆ ಏರಿತು. ಅವಳು ಸೆಖೆಯಲ್ಲೂ ಉದ್ದ ತೋಳಿನ ಸ್ವೆಟರು ಹಾಕಿಕೊಂಡಳು. ಕೇಳಿದವರಿಗೆ ಗಂಟುನೋವು ಎಂದಳು. ಮದುಮಗನ ಜೊತೆ ದಿನವೂ ಕೂತು ಕಟ್ಟಕ್ಕನಿಗೆ ನಾಚಿಕೆ ಬಂದಿದೆ, ಅದಕ್ಕೇ ಮೈ ಮುಚ್ಚಿಕೊಂಡಿದ್ದಾಳೆ ಎಂದು ಒಬ್ಬಳು ನಗಾಡಿದಳು. ಎಲ್ಲರೂ ನಕ್ಕರು, ಇವಳೂ ನಕ್ಕಳು.

ಯಾವ ಎಲೆಯಿಂದಾದರೂ ಕೈ ಉರಿಯಿತಾ, ಕಡಿತ ಬಂತಾ ಎಂದು ಮೇಡಂ ವಾರವಾರವೂ ಕೇಳುತ್ತಿದ್ದರು. ಪ್ರತಿ ಸಲವೂ ಕಟ್ಟಕ್ಕ ಇಲ್ಲ ಅಂದಳು.

ಸುಳ್ಳು ಹೇಳುವ ಜಾಯಮಾನದವಳಲ್ಲ. ಆದರೆ ಹಿಂದಿನ ವರ್ಷ ಪಕ್ಕದಲ್ಲೇ ಕೂತು ಕಟ್ಟುತ್ತಿದ್ದವಳ ಕೈಮೇಲೆ ಇಂಥದೇ ಗುಳ್ಳೆ ಎದ್ದಾಗ ಅದಕ್ಕೆ ಕಜ್ಜಿ ಅಂದವಳು ಇವಳೇ. ಅವಳ ಲೋಟವನ್ನು ಎರಡು ಬೆರಳಲ್ಲಿ ಎತ್ತಿ ಬೇರೆ ಇಟ್ಟವಳೂ ಇವಳೇ. ಆ ಹೆಂಗಸು ತಿಂಗಳು ತುಂಬುವ ಮೊದಲೇ ಕೆಲಸ ಬಿಟ್ಟಳು. ಈಗ ಸ್ವೆಟರಿನ ತೋಳು ಮಡಚಿದರೆ ತನ್ನ ಲೋಟಕ್ಕೂ ಅದೇ ಗತಿ ಎಂದು ಕಟ್ಟಕ್ಕನಿಗೆ ಗೊತ್ತಿತ್ತು. ಆ ಹೆಂಗಸೂ ಮದುಮಗನನ್ನೇ ಕಟ್ಟುತ್ತಿದ್ದಳು ಅನ್ನುವುದೂ ಗೊತ್ತಿತ್ತು. ಗೊತ್ತಿದ್ದದ್ದನ್ನು ಮನಸ್ಸಿನ ಹತ್ತಿರ ಬಿಟ್ಟುಕೊಳ್ಳಲಿಲ್ಲ, ಅಷ್ಟೆ.

ಕೊನೆಯ ಪರೀಕ್ಷೆಗೆ ಪೇಟೆಯ ಹೂವಿನಂಗಡಿಗಳಿಗೆ ಮದುಮಗನ ಕಟ್ಟು ಕಳಿಸಬೇಕಿತ್ತು. ಅಂಗಡಿಯವರು ಮೆಚ್ಚಿದರೆ ಬೆಳೆಗಾರರಿಗೆ ಸಸಿ ಹಂಚುವುದು. ಕಟ್ಟಕ್ಕ ಮೇಡಂಗೆ ಹೇಳಿ ತಂಗಿಯ ಮಗಳ ಅಂಗಡಿಯನ್ನೂ ಸೇರಿಸಿದಳು. ಬಾಡಿಗೆಯ ಪುಟ್ಟ ಮಳಿಗೆ. ಹುಡುಗಿ ತನ್ನ ಕಾಲ ಮೇಲೆ ನಿಂತು ವರ್ಷವಾಗಿತ್ತಷ್ಟೆ. ಕಟ್ಟನ್ನು ಕೈಗೆ ತೆಗೆದುಕೊಳ್ಳುವ ಮೊದಲು, ಕಾಡಿನ ಎಲೆಯಲ್ವಾ, ಬರಿಗೈಯಲ್ಲಿ ಮುಟ್ಟಬಹುದಾ ಎಂದು ಅವಳು ಕೇಳಿದ್ದಳು. ಮಗುವಿನ ಕೆನ್ನೆ ಮುಟ್ಟಿದ ಹಾಗೆ ಮುಟ್ಟು ಎಂದಿದ್ದಳು ಕಟ್ಟಕ್ಕ.

ವಾರ ಕಳೆಯುವುದರೊಳಗೆ ತಂಗಿಯ ಫೋನು ಬಂತು. ಮಗಳ ಕೈತುಂಬ ಗುಳ್ಳೆ, ಮುಖ ಊದಿ ಕಣ್ಣು ಮುಚ್ಚಿಹೋಗಿದೆ, ಅಂಟುರೋಗ ಅಂತ ಗಿರಾಕಿಗಳು ಮೆಟ್ಟಿಲು ಹತ್ತುತ್ತಿಲ್ಲ, ಮಳಿಗೆ ಖಾಲಿ ಮಾಡು ಅಂತ ಮಾಲೀಕ ಪಟ್ಟು ಹಿಡಿದಿದ್ದಾನೆ ಎಂದು ತಂಗಿ ಅತ್ತಳು.

ಕಟ್ಟಕ್ಕ ಹೋದಳು. ಹುಡುಗಿ ಅಂಗಡಿಯ ಹಿಂದೆ, ಬಕೆಟ್ಟುಗಳ ನಡುವೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ತನ್ನ ಕೊಳಕಿನಿಂದಲೇ ಬಂದಿರಬೇಕು ಎಂದುಕೊಂಡು ನೆಲವನ್ನೆಲ್ಲ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿದ್ದಳು.

"ಹತ್ತಿರ ಬರಬೇಡಿ ದೊಡ್ಡಮ್ಮ," ಅಂದಳು. "ನಿಮಗೂ ಅಂಟುತ್ತೆ."

ಭೂಮಿ ಬಾಯಿಬಿಟ್ಟಿದ್ದರೆ ಕಟ್ಟಕ್ಕ ಇಳಿದುಬಿಡುತ್ತಿದ್ದಳು. ಸ್ವೆಟರಿನೊಳಗೆ ಮುಂಗೈ ಉರಿಯುತ್ತಿತ್ತು. ಡಾಕ್ಟರಿಗೆ ತೋರಿಸಮ್ಮ ಎಂದಷ್ಟೇ ಹೇಳಿ ಹಿಂದಕ್ಕೆ ಸರಿದಳು. ಅಂಟೀತೆಂದು ಹೆದರಿ ಸರಿದಳು ಎಂದು ಹುಡುಗಿ ತಿಳಿದಿರಬೇಕು, ಸಪ್ಪಗೆ ತಲೆಯಾಡಿಸಿದಳು.

ಮುಂಬಾಗಿಲಿಗೆ ಬಂದರೆ ಮಳಿಗೆಯ ಮಾಲೀಕ ಪಕ್ಕದ ಬೇಕರಿಯವನನ್ನು ಜೊತೆಗಿಟ್ಟುಕೊಂಡು ನಿಂತಿದ್ದ.

"ಹಿರಿಯರು, ನೀವಾದರೂ ಬುದ್ಧಿ ಹೇಳಿ," ಅಂದ ಅವನು. "ಕಜ್ಜಿ ಹಿಡಿದ ಕೈಯಲ್ಲಿ ಹೂವು ಕೊಟ್ಟರೆ ಯಾರು ತಗೋತಾರೆ?"

ಅದು ತನ್ನದೇ ಮಾತು. ಬೇರೆಯವರ ಬಾಯಲ್ಲಿ ಕೇಳಿದಾಗ ಅದರ ಭಾರ ತಿಳಿಯಿತು. ಕಟ್ಟಕ್ಕ ಸ್ವೆಟರಿನ ಎರಡೂ ತೋಳುಗಳನ್ನು ಮೊಣಕೈ ಮೇಲಕ್ಕೆ ಎಳೆದಳು. ಬಟ್ಟೆಗೆ ಅಂಟಿದ್ದ ಗುಳ್ಳೆಯ ಪೊರೆ ಕಿತ್ತು ಬಂತು. ಬೇಕರಿಯವನು ಹಿಂದೆ ಸರಿದ.

"ನನಗೂ ಇದೆ, ನೋಡಿ. ರೋಗ ಅಲ್ಲ, ಎಲೆಯ ಹಾಲು. ನಾನೇ ತಂದುಕೊಟ್ಟ ಎಲೆ."

ಡಾಕ್ಟರ ಚೀಟಿ ತಂದರೆ ನೋಡೋಣ ಎಂದು ಮಾಲೀಕ ಗೊಣಗುತ್ತ ಹೋದ. ಹುಡುಗಿ ಒಳಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ಯಾವಾಗಿಂದ?"

"ಮಳೆ ಶುರುವಾದಾಗಿಂದ."

ಬೈದಿದ್ದರೆ ಎಷ್ಟೋ ವಾಸಿ. ಅವಳು ಊದಿದ ಕಣ್ಣನ್ನು ಕಷ್ಟಪಟ್ಟು ಬಿಡಿಸಿ ದೊಡ್ಡಮ್ಮನ ಕೈಯನ್ನೇ ನೋಡಿದಳು.

"ನಿಮ್ಮ ಮೇಡಂ ಹತ್ರ ಹೋಗೋಣ. ನೀವೇ ಹೇಳಬೇಕು, ನಾನು ಬಾಯಿ ಬಿಡಲ್ಲ."

ಬಸ್ಸಿನಲ್ಲಿ ಒಬ್ಬಾಕೆ ಇವರಿಬ್ಬರ ಕೈ ಕಂಡು ತನ್ನ ಮಗುವನ್ನು ಆಚೆಗೆ ಸೆಳೆದುಕೊಂಡಳು. ಕಟ್ಟಕ್ಕನ ಬೆರಳುಗಳು ತಾವಾಗಿಯೇ ತೋಳನ್ನು ಕೆಳಗೆಳೆಯಲು ಹೋದವು. ಹುಡುಗಿ ಕಿಟಕಿಯ ಕಡೆ ತಿರುಗಿದಳು. ಕಟ್ಟಕ್ಕ ತೋಳು ಬಿಟ್ಟು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

ಶೆಡ್ಡಿನಲ್ಲಿ ಎಲ್ಲರೆದುರು ಹೇಳಿದಳು, ಕೆಲಸ ಬಿಟ್ಟು ಹೋದವಳ ವಿಷಯವನ್ನೂ ಸೇರಿಸಿ. ನಡುನಡುವೆ ಮಾತು ತಪ್ಪಿತು, ಮತ್ತೆ ಮೊದಲಿಂದ ಹೇಳಿದಳು. ಯಾರೂ ನಗಲಿಲ್ಲ. ನಾಚಿಕೆಯ ಮಾತಾಡಿ ನಗಿಸಿದ್ದವಳು ತಲೆ ತಗ್ಗಿಸಿ ತನ್ನ ಅಂಗೈ ತಿರುವಿ ನೋಡಿಕೊಂಡಳು. ಮೇಡಂ ಕೈಗವಸು ತೊಟ್ಟು, ಮದುಮಗನ ಕಟ್ಟುಗಳನ್ನು ಬಕೆಟ್ಟಿನಿಂದ ಎತ್ತಿ ಗೋಣಿಗೆ ತುಂಬಿದರು. ಮಿಕ್ಕ ಅಂಗಡಿಗಳಿಗೆಲ್ಲ ಫೋನು ಮಾಡಿದರು. ಆಮೇಲೆ ಡಾಕ್ಟರ ಹತ್ತಿರ ಹೋಗಲು ಕಾರು ತೆಗೆದು ಹುಡುಗಿಯನ್ನು ಹತ್ತಿಸಿ, ನೀವೂ ಬನ್ನಿ ಎಂದು ಕಟ್ಟಕ್ಕನಿಗೆ ಹೇಳಿದರು.

ಹುಡುಗಿ ಸರಿದು ಜಾಗ ಬಿಟ್ಟಳು. ಮುಖ ಮಾತ್ರ ಇತ್ತ ತಿರುಗಿಸಲಿಲ್ಲ. ಕಟ್ಟಕ್ಕ ಹತ್ತಿ ಸೀಟಿನ ತುದಿಯಲ್ಲಿ ಕೂತಳು.