ಅಕ್ಕನ ದನಿಯಲ್ಲಿ ನಾನು ಹಾಡಿದ ಸೋಮವಾರ

ಮೂರನೇ ಹಾಡಿನ ನಡುವೆ ಅಕ್ಕನ ಬಾಯಿ ತೆರೆದೇ ಇತ್ತು, ದನಿ ಬರಲಿಲ್ಲ.

ಬರೀ ಗಾಳಿ.

ಬರ್ಮಿಂಗ್‌ಹ್ಯಾಮಿನ ಆ ಪಬ್ಬಿನಲ್ಲಿ ಶುಕ್ರವಾರಗಳಂದು ನನ್ನಕ್ಕ ಗಿರಿಜಾ ಗಿಟಾರ್ ಹಿಡಿದು ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಹಾಡು ಹಾಡುತ್ತಾಳೆ. ಧಾರವಾಡದ ಹೆಣ್ಣುಮಗಳು, ತಲೆಗೆ ಕೌಬಾಯ್ ಹ್ಯಾಟು, ಹ್ಯಾಟಿನ ಕೆಳಗೆ ವಿಭೂತಿಯ ಸಣ್ಣ ಗೆರೆ. ಹೊಸಬರು ಮೊದಲು ನಗುತ್ತಾರೆ, ಆಮೇಲೆ ಕುಡಿಯುವುದನ್ನೂ ಮರೆತು ಕೇಳುತ್ತಾರೆ. ಅವತ್ತು ಅವಳು ಹ್ಯಾಟು ತೆಗೆದು, ಬಾಗಿ, ಒಳಗೆ ನಡೆದುಬಿಟ್ಟಳು. ಅದೂ ಹಾಡಿನ ಭಾಗವೆಂದುಕೊಂಡು ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಶಿಳ್ಳೆ ಬೇರೆ ಹೊಡೆದೆ.

ಅಕ್ಕ ಲೆಸ್ಟರಿಗೆ ನಾಟಕ ಓದಲು ಬಂದವಳು. ಟಿವಿಯಲ್ಲಿ ಸಿಕ್ಕ ಪಾತ್ರಗಳೆಂದರೆ ನರ್ಸು, ಮತ್ತೊಬ್ಬ ನರ್ಸು, ಒಮ್ಮೆ ಹೆಣ. ಹೆಣದ ರೆಪ್ಪೆ ಅಲುಗಿತ್ತೆಂದು ನಾನು ಇವತ್ತಿಗೂ ಆಡಿಕೊಳ್ಳುತ್ತೇನೆ. ಕಡೆಗೂ ಈ ವರ್ಷ ದೊಡ್ಡದೊಂದು ಒಲಿದಿತ್ತು: ಮ್ಯಾಂಚೆಸ್ಟರಿನಲ್ಲಿ ಶುರುವಾಗಿ ಲೀಡ್ಸ್‌ಗೆ ಹೋಗುವ ನಾಟಕದಲ್ಲಿ ಕಂಟ್ರಿ ಗಾಯಕಿಯ ಮುಖ್ಯ ಪಾತ್ರ. ರಿಹರ್ಸಲ್ ಹತ್ತಿರದಲ್ಲೇ ಇತ್ತು.

ಬಡಾವಣೆಯ GP ಡಾಕ್ಟರಾಯಿತು, ENT ಆಯಿತು. ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿದರು. ಸ್ಕ್ರೀನಿನ ಮೇಲೆ ದನಿ ಹೊರಡಿಸುವ ವೋಕಲ್ ಕಾರ್ಡ್ ಕಾಣಿಸಿತು. ಅದರ ಅಂಚಿಗೆ ಒಂದು ಗುಳ್ಳೆ. ಪಾಲಿಪ್. ಆಪರೇಷನ್ ಮಾಡಿದ ಮೇಲೆ ಡಾಕ್ಟರು ಹೇಳಿದರು: "ಟೋಟಲ್ ವಾಯ್ಸ್ ರೆಸ್ಟ್. ಪಿಸುಗುಡುವುದೂ ಬೇಡ."

"ದನಿ ಮತ್ತೆ ಬರುತ್ತದಲ್ಲ?" ಅಕ್ಕನ ಕಣ್ಣು ಕೇಳುತ್ತಿದ್ದುದನ್ನು ನಾನು ಕೇಳಿದೆ.

"ದನಿ ಬರುತ್ತದೆ. ಅದೇ ದನಿ ಎಂದು ಮಾತು ಕೊಡಲಾರೆ."

ಹಾರ್ಬೋರ್ನ್‌ನ ನಮ್ಮ ಪುಟ್ಟ ಫ್ಲಾಟು ಅವತ್ತಿನಿಂದ ಇನ್ನೂ ಪುಟ್ಟದಾಯಿತು. ನಾನು ಇಲ್ಲಿ ಮಾಸ್ಟರ್ಸ್ ಓದುತ್ತಾ ಅಕ್ಕನ ಸೋಫಾ ಮೇಲೆ ಬಾಳುವವನು. ಕನ್ನಡ ಬಳಗದ ಯುಗಾದಿಗೆ ಅಧ್ಯಕ್ಷರ ಭಾಷಣವನ್ನು ಅವರದೇ ದನಿಯಲ್ಲಿ ಅಣಕಿಸಿ, ಅವರಿಂದಲೇ ಶಾಲು ಹೊದಿಸಿಕೊಂಡವನು. ಈಗ ಅಕ್ಕನ ಪಾಲಿನ ಮಾತೆಲ್ಲ ನನ್ನದು. ಅವಳು ಮೇಜು ಕುಟ್ಟುತ್ತಾಳೆ: ಒಂದು ಸಲ ಅಂದರೆ ಹೌದು, ಎರಡು ಸಲ ಅಂದರೆ ಇಲ್ಲ. ಬಡಬಡ ಕುಟ್ಟಿದರೆ, ಬಾಯಿ ಮುಚ್ಚು.

ಒಮ್ಮೆ ಅಂಗಡಿಗೆ ಹೋದಳು. ಕೌಂಟರಿನ ಹೆಂಗಸು "ಆಲ್‌ರೈಟ್, ಬ್ಯಾಬ್?" ಎಂದು ಈ ಊರಿನ ಅಕ್ಕರೆಯಲ್ಲಿ ಕೇಳಿದ್ದಾಳೆ. ಅಕ್ಕ ಗಂಟಲು ಮುಟ್ಟಿ ತೋರಿಸುವಷ್ಟರಲ್ಲಿ, ಉತ್ತರ ಬರಲಿಲ್ಲವೆಂದು ಆಕೆಯ ಮುಖ ಗಂಟಿಕ್ಕಿತ್ತಂತೆ. ಆಮೇಲೆ ಅಕ್ಕ ಹೊರಗೇ ಹೋಗಲಿಲ್ಲ. ಕಿಟಕಿಯ ಬಳಿ ಕೂತು ಗಿಟಾರಿನ ತಂತಿಗಳನ್ನು ಅಂಗೈಯಿಂದ ಅದುಮಿ ಹಿಡಿಯುತ್ತಿದ್ದಳು, ಅದರ ಬಾಯನ್ನೂ ಮುಚ್ಚಿಸುವ ಹಾಗೆ.

ಅಷ್ಟರಲ್ಲಿ ಆಪರೇಷನ್ ನಂತರದ ಮೊದಲ ಸೋಮವಾರ ಬಂತು.

ಸೋಮವಾರ ಸಂಜೆ ಧಾರವಾಡದಲ್ಲಿ ಅವ್ವ ಇಷ್ಟಲಿಂಗ ಪೂಜೆಗೆ ಕೂರುವಾಗ ಫೋನನ್ನು ತುಂಬಿದ ತಂಬಿಗೆಗೆ ಆನಿಸಿ ಇಡುತ್ತಾಳೆ. ಇಲ್ಲಿ ಮಧ್ಯಾಹ್ನ. ಅಕ್ಕ ಇಲ್ಲಿಂದ ಒಂದು ವಚನ ಹಾಡಬೇಕು. ಅವಳು ಇಂಗ್ಲೆಂಡಿಗೆ ಬಂದಾಗಿನಿಂದ ಇದು ತಪ್ಪಿಲ್ಲ; ಆಪರೇಷನ್ನಿಗೆ ಮುಂಚಿನ ಸೋಮವಾರಗಳನ್ನೂ ನೆಗಡಿಯೆಂದು ಹೇಗೋ ಗುನುಗಿ ದಾಟಿಸಿದ್ದಳು. "ಅವ್ವಗೆ ಬಿಪಿ. ಏನೂ ಹೇಳಬೇಡ" ಎಂದು ಅಕ್ಕ ಮೊಬೈಲಿನಲ್ಲಿ ಟೈಪ್ ಮಾಡಿ ನನ್ನ ಮೂಗಿಗೆ ಹಿಡಿದಳು. ಹೇಳದೆ ಇರುವುದು ಹೇಗೆ? ನನ್ನ ತಲೆಗೆ ಹೊಳೆದದ್ದು ಒಂದೇ ದಾರಿ. ಕ್ಯಾಮೆರಾ ಆಫ್ ಮಾಡಿದೆ, ನೆಟ್‌ವರ್ಕ್ ಸರಿಯಿಲ್ಲವೆಂದೆ, ಅಕ್ಕನ ದನಿ ತೆಗೆದು ವಚನ ಹಾಡಿದೆ. ನಾನೇ ಬೆರಗಾಗುವಂತೆ ಹಾಡಿದೆ.

ಮುಗಿಯಿತು. ಅವ್ವ ಫೋನನ್ನು ಕೈಗೆತ್ತಿಕೊಂಡಳು.

"ಭಾಳ ಚಂದ ಹಾಡಿದಿ. ಈಗ ನಿಮ್ಮಕ್ಕಗ ಫೋನ್ ಕೊಡು, ಬಸು."

"ಅವ್ವಾ, ನಾನು ಗಿರಿಜಾ..."

"ಏ ಮಂಗ್ಯಾ! ಆಕಿ ಸಣ್ಣಾಕಿ ಇದ್ದಾಗಿಂದ ಎರಡನೇ ಸಾಲು ತಪ್ಪಿ ಹಾಡ್ತಾಳ. ನೀ ಸರಿ ಹಾಡಿದಿ. ಏನಾಗೈತಿ ಆಕಿಗೆ?"

ಅಕ್ಕ ನಕ್ಕುಬಿಟ್ಟಳು. ಗೊಗ್ಗರು ದನಿಯಲ್ಲಿ, ತಡೆಯಲಾರದೆ, ಗಟ್ಟಿಯಾಗಿ. ಮರುಕ್ಷಣವೇ ಎರಡೂ ಕೈಯಿಂದ ಗಂಟಲು ಹಿಡಿದುಕೊಂಡಳು.

ಅವ್ವಗೆ ಎಲ್ಲ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. "ಆಕಿ ಸುಮ್ಮನ ಕುಂದರ್ಲಿ. ನಾ ಪೂಜಿ ಮಾಡ್ತೀನಿ" ಎಂದಳಷ್ಟೇ. ಮುಂದಿನ ಸೋಮವಾರಗಳಂದು ಫೋನು ಹಾಗೇ ತಂಬಿಗೆಗೆ ಆನಿಕೊಂಡಿರುತ್ತಿತ್ತು. ಆ ಕಡೆಯಿಂದ ಅವ್ವನ ಬಳೆಯ ಸದ್ದು, ಈ ಕಡೆಯಿಂದ ಏನೂ ಇಲ್ಲ.

ಚೆಕಪ್‌ನಲ್ಲಿ ಮತ್ತೆ ಕ್ಯಾಮೆರಾ ಇಳಿಯಿತು. ಊತ.

"ಇವಳನ್ನು ನಗಿಸುತ್ತಿರುವವರು ಯಾರು?" ಎಂದರು ಸ್ಪೀಚ್ ಥೆರಪಿಸ್ಟ್. ನಾನು ಶಾಲೆಯ ಹುಡುಗನಂತೆ ಕೈ ಎತ್ತಿದೆ. "ಹಾಗಾದರೆ ನಿಮಗೂ ವಾಯ್ಸ್ ರೆಸ್ಟ್."

ಅಕ್ಕನ ಮೌನ ಮುಂದಕ್ಕೆ ಹೋಯಿತು. ನಾಟಕ ಕಾಯಲಿಲ್ಲ. ಪಾತ್ರ ಬೇರೊಬ್ಬಳಿಗೆ ಹೋಯಿತೆಂದು ಏಜೆಂಟ್ ಫೋನಿನಲ್ಲಿ ಹೇಳಿದಾಗ ನಾನು "ಸರಿ, ಥ್ಯಾಂಕ್ಸ್" ಎಂದೆ, ನನ್ನದೇ ದನಿಯಲ್ಲಿ. ಎಷ್ಟು ಸಪ್ಪೆ ದನಿ! ಅಕ್ಕ ನನ್ನ ಮುಖ ನೋಡಿ ಮೇಜನ್ನು ಒಂದೇ ಸಲ ಕುಟ್ಟಿದಳು.

ಹೌದು, ಗೊತ್ತಾಯಿತು.

ಅಳುವುದಕ್ಕೂ ಗಂಟಲು ಬೇಕು. ಅವಳು ಬಾತ್‌ರೂಮಿನ ಬಾಗಿಲು ಹಾಕಿಕೊಂಡು, ನಲ್ಲಿ ತಿರುಗಿಸಿ, ಸದ್ದಿಲ್ಲದೆ ಅತ್ತಳು. ನಾನು ಹೊರಗೆ ನಿಂತಿದ್ದೆ. ಇಡೀ ಊರನ್ನೇ ಅಣಕಿಸಬಲ್ಲ ನಾನು ಬಾಗಿಲಿಗೆ ಕಿವಿ ಹಚ್ಚಿ ನಲ್ಲಿಯ ಸದ್ದನ್ನಷ್ಟೇ ಕೇಳಿದೆ.

ಆಮೇಲೆ ಥೆರಪಿಸ್ಟ್ ಹೇಳಿಕೊಟ್ಟ ದನಿಯ ಕಸರತ್ತು: ಲೋಟದ ನೀರಿಗೆ ಸ್ಟ್ರಾ ಇಟ್ಟು ಗುಳುಗುಳು ಊದುವುದು. ಆಮೇಲೆ 'ಮ್' ಅನ್ನುವುದು. ಆಮೇಲೆ ಮಾತು, ಅಳತೆಯಲ್ಲಿ. ದನಿ ತಗ್ಗಿನದಾಗಿದೆ, ಅಂಚಿನಲ್ಲಿ ಸಣ್ಣ ಒಡಕು. ಮೇಲಿನ ಸ್ವರಗಳು ಇನ್ನೂ ಬಂದಿಲ್ಲ, ಬರುತ್ತವೆಂದು ಯಾರೂ ಹೇಳಿಲ್ಲ. ನಾನು ಸೋಫಾದಲ್ಲಿ ಮಲಗಿ ಆ ಒಡಕನ್ನು ಅಣಕಿಸಲು ನೋಡಿದೆ. ಸಿಗಲಿಲ್ಲ.

ಕಳೆದ ಸೋಮವಾರ ಅಕ್ಕ ಕ್ಯಾಮೆರಾ ಆನ್ ಮಾಡಿ ಕೂತಳು. "ನಾಕು ಸಾಲು ಅಷ್ಟಽ, ಅವ್ವಾ" ಎಂದಳು. ಮೊದಲ ಸಾಲು ಯಾರೋ ಹೊಸಬಳು ಹಾಡಿದಂತಿತ್ತು. ಅವ್ವ ಕಣ್ಣು ಕಿರಿದು ಮಾಡಿ ಫೋನಿಗೆ ಹತ್ತಿರ ಬಾಗಿದಳು, ಗುರುತು ಸಿಗದವರ ಮುಂದೆ ಬಾಗುವ ಹಾಗೆ.

ಎರಡನೇ ಸಾಲಿಗೆ ಅಕ್ಕ ತಪ್ಪಿದಳು.

"ಅಲ್ಲೇ ತಪ್ಪಿದಿ ನೋಡು," ಎಂದಳು ಅವ್ವ. ವಿಭೂತಿಯ ಕೈಯಲ್ಲೇ ಕಣ್ಣೊರೆಸಿಕೊಂಡಳು. "ಹಾಡವಾ, ಮುಂದ ಹಾಡು."