ಕೊಸರು ತೋರಿಸುವ ಕಾರು

ನಮ್ಮ ಕಾರಿನ ಸ್ಟೀರಿಂಗಿನ ಹಿಂದೆ ಒಬ್ಬ ಸುಳ್ಳುಗಾರ ಕೂತಿದ್ದಾನೆ. ನನ್ನ ಗಂಡನ ಬಗ್ಗೆ ಹೇಳುತ್ತಿಲ್ಲ, ಅವರ ಸರದಿ ಆಮೇಲೆ ಬರುತ್ತದೆ. ನಾನು ಹೇಳುತ್ತಿರುವುದು ವೇಗವನ್ನೂ ಮೈಲೇಜನ್ನೂ ಅಂಕಿಯಲ್ಲಿ ತೋರಿಸುವ ಆ ಪುಟ್ಟ ಪರದೆಯ ವಿಷಯ.

ನಮ್ಮ ಕಡೆ ಕಾರು ತಂದರೆ ಯಾರೂ ಬಣ್ಣ ಚೆನ್ನಾಗಿದೆ ಅನ್ನುವುದಿಲ್ಲ. ಬಾನೆಟ್ಟಿನ ಮೇಲೆ ಕೈಯಿಟ್ಟು ‘ಎಷ್ಟು ಕೊಡ್ತೈತೆ?’ ಅನ್ನುತ್ತಾರೆ, ಹಸು ಕೊಳ್ಳಲು ಬಂದವರ ಹಾಗೆ. ನನ್ನ ಗಂಡ ‘ಲೀಟರಿಗೆ ಇಪ್ಪತ್ತೆರಡು’ ಅನ್ನುತ್ತಾರೆ. ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಆಮೇಲೆ ನನ್ನ ಕಡೆ ಗದ್ದ ಎತ್ತಿ ತೋರಿಸಿ, ‘ಇವಳ ಕೈಗೆ ಕೊಟ್ರೆ ಹದಿನೇಳು’ ಎಂದು ಸೇರಿಸುತ್ತಾರೆ. ಬಂದವರು ನನ್ನನ್ನು ನೋಡುವ ನೋಟ ಹೇಗಿರುತ್ತದೆಂದರೆ, ಉಳಿದ ಐದು ಕಿಲೋಮೀಟರನ್ನು ನಾನೇ ಗುಟ್ಟಾಗಿ ತವರಿಗೆ ಸಾಗಿಸುತ್ತಿದ್ದೇನೇನೋ ಎಂಬಂತೆ.

ನಾನು ಬೇರಿಕೆಯ ಹತ್ತಿರ ಒಂದು ಶಾಲೆಯಲ್ಲಿ ಕನ್ನಡ ಟೀಚರು. ಮನೆ ಹೊಸೂರಿನ ಪಕ್ಕದ ಮತ್ತಿಗಿರಿಯಲ್ಲಿ. ವಾರವೆಲ್ಲ ಕಾರು ನನ್ನದು, ಭಾನುವಾರ ಅವರದು. ಅವರು ಫ್ಯಾಕ್ಟರಿಗೆ ಕಂಪನಿ ಬಸ್ಸಿನಲ್ಲಿ ಹೋಗುತ್ತಾರೆ. ಅಲ್ಲಿ ಅವರ ಕೆಲಸ ಏನು ಗೊತ್ತೇ? ತಯಾರಾದ ಬಿಡಿಭಾಗಗಳನ್ನು ಗೇಜ್ ಇಟ್ಟು ಅಳೆಯುವುದು. ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಪಕ್ಕಕ್ಕೆ ಎಸೆಯುವ ಮನುಷ್ಯ, ಕಾರಿನ ಪರದೆ ಹೇಳಿದ್ದನ್ನು ಮಾತ್ರ ಕಣ್ಣಿಗೊತ್ತಿಕೊಂಡು ನಂಬುತ್ತಾರೆ. ನಂಬಿಕೊಂಡು ಹಾಳಾಗಲಿ ಅಂದುಕೊಂಡಿದ್ದೆ. ಒಂದು ದಿನ ಮುದ್ದೆ ಮುರಿಯುತ್ತಾ, ಆಕ್ಸಿಲರೇಟರಿನ ಮೇಲೆ ನನ್ನ ಕಾಲು ಭಾರ, ಮುಂದಿನ ತಿಂಗಳಿಂದ ನಾನು ಬಸ್ಸಿನಲ್ಲೇ ಹೋಗುವುದು ಒಳ್ಳೆಯದು ಎಂದು ತೀರ್ಪು ಕೊಟ್ಟುಬಿಟ್ಟರು. ಹೊಸೂರಲ್ಲಿ ಇಳಿದು, ಇನ್ನೊಂದು ಬಸ್ಸಿಗೆ ನುಗ್ಗಿ, ಒಂಟಿ ಕಾಲಲ್ಲಿ ಬಾಗಲೂರು ದಾಟುವ ಸುಖ ಅವರಿಗೇನು ಗೊತ್ತು? ನನಗೆ ಉರಿದುಹೋಯಿತು. ಕೀಲಿ ಕೊಡುವುದಿಲ್ಲ, ಮೊದಲು ಪರೀಕ್ಷೆಯಾಗಲಿ ಅಂದೆ.

ಭಾನುವಾರ ಕೃಷ್ಣಗಿರಿಯ ನಾದಿನಿ ಮನೆಗೆ ಹೊರಟೆವು. ಮತ್ತಿಗಿರಿಯ ಪಂಪಿನಲ್ಲಿ ಪೈಪು ಟಕ್ಕೆಂದು ನಿಲ್ಲುವವರೆಗೆ ಟ್ಯಾಂಕು ತುಂಬಿಸಿದೆವು. ವಾಪಸು ಬಂದಾಗ ಅದೇ ಪಂಪಿನಲ್ಲಿ ಮತ್ತೆ ಟಕ್ಕೆನಿಸಿ, ಎಷ್ಟು ಲೀಟರು ಹಿಡಿಯಿತೆಂದು ನೋಡಿ ಲೆಕ್ಕ ಹಾಕುವುದೆಂದು ಮಾತಾಗಿತ್ತು. ಹೈವೇಯಲ್ಲಿ ಹಿಂದಿನ ಸೀಟಿನ ಅತ್ತೆಯ ಕೈಗೆ ವೇಗ ತೋರಿಸುವ ಫೋನು ಕೊಟ್ಟೆ. ಕಾರು ಎಂಬತ್ತು ಅಂದಾಗ ಫೋನು ಎಪ್ಪತ್ತೈದು ಅಂದಿತು. ಮೀಟರು ಇರುವ ವೇಗಕ್ಕಿಂತ ಹೆಚ್ಚು ತೋರಿಸಬಹುದು, ಕಡಿಮೆ ಮಾತ್ರ ತೋರಿಸಕೂಡದು, ಅದು ನಿಯಮ, ನಮ್ಮ ಒಳ್ಳೆಯದಕ್ಕೇ ಎಂದು ಗಂಡ ಪಾಠ ಮಾಡಿದರು. ಒಳ್ಳೆಯದಕ್ಕೆ ಹೇಳುವ ಸುಳ್ಳು ಕೇಳಿ ಕೇಳಿ ಹೆಂಗಸರ ಕಿವಿ ತೂತಾಗಿದೆ, ಇನ್ನು ಕಾರಿನಿಂದಲೂ ಕೇಳಬೇಕೇ?

ಅತ್ತೆ ಹಿಂದೆ ಬೇರಿಕೆ ಸಂತೆಯಲ್ಲಿ ಅವರೆಕಾಯಿ ಮಾರಿದವರು. ತಕ್ಕಡಿ ಸಮವಾದ ಮೇಲೆ ಒಂದು ಹಿಡಿ ಕೊಸರು ಹಾಕದೆ ಅವರ ಕೈ ಹಿಂದೆ ಬರುತ್ತಿರಲಿಲ್ಲವಂತೆ. ಫೋನು ನೋಡಿ, ಕಾರು ನೋಡಿ ಹೇಳಿದರು:

“ನಾವು ಹಾಕಿದ ಕೊಸರು ತಕ್ಕೊಂಡೋರ ಚೀಲಕ್ಕೆ ಬೀಳ್ತಿತ್ತು ಕಣಮ್ಮಾ. ಇದು ಬರೀ ಕಣ್ಣಿಗೆ ಹಾಕ್ತೈತೆ.”

ಕೃಷ್ಣಗಿರಿ ತಲುಪಿದಾಗ ಪರದೆ ಇಪ್ಪತ್ತೆರಡು ತೋರಿಸಿತು. ಗಂಡ ಮೀಸೆಯ ಮೇಲೆ ಕೈಯಾಡಿಸಿ, ವಾಡಿಕೆಯಂತೆ ಅದನ್ನು ಸೊನ್ನೆ ಮಾಡಲು ಬೆರಳು ಚಾಚಿದರು. ನಾನು ಆ ಬೆರಳು ಹಿಡಿದೆ. ಆಗ ನನಗೆ ಹೊಳೆಯಿತು. ಹೊಸೂರು ಮೇಲಿದೆ, ಕೃಷ್ಣಗಿರಿ ಕೆಳಗಿದೆ. ಶೂಳಗಿರಿ ಕಳೆದ ಮೇಲೆ ದಾರಿ ಇಳಿಯುತ್ತಲೇ ಹೋಗುತ್ತದೆ. ಇಷ್ಟು ದಿನ ಈ ಮಹಾಶಯರು ಇಳಿಯುವಾಗಿನ ಅಂಕಿಯನ್ನು ಊರಿಗೆಲ್ಲ ಸಾರಿ, ಹತ್ತುವಾಗಿನದನ್ನು ನೋಡಿಯೇ ಇರಲಿಲ್ಲ. ಯಾಕೆಂದು ಕೇಳಿದರೆ, ಬರುವಾಗ ಎಸಿ ಹಾಕಿರುತ್ತೇವೆ, ಅದು ಲೆಕ್ಕಕ್ಕಿಲ್ಲವಂತೆ.

ಮನೆಗೆ ಬರುವಷ್ಟರಲ್ಲಿ ಇಪ್ಪತ್ತೆರಡು ಹತ್ತೊಂಬತ್ತಕ್ಕೆ ಇಳಿದಿತ್ತು. ಪಂಪಿನ ಲೆಕ್ಕದಲ್ಲಿ ಬಂದದ್ದು ಬರೀ ಹದಿನೇಳು. ಪಂಪಿನವರು ಮೋಸ ಮಾಡವ್ರೆ ಅಂತ ಗಂಡ ಗೊಣಗಿದರು.

“ಸುಮ್ಕಿರ್ಲಾ,” ಅಂದರು ಅತ್ತೆ. “ನಾಳೆ ಅವಳ ದಾರೀಲಿ ನೀನೇ ಓಡಿಸು.”

ಆ ವಾರ ಅವರಿಗೆ ಸೆಕೆಂಡ್ ಶಿಫ್ಟು, ಬೆಳಿಗ್ಗೆ ಬಿಡುವಿತ್ತು. ಸೋಮವಾರ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಶಾಲೆಯ ಹೊತ್ತಿಗೆ ಹೊರಟರು. ಹೊಸೂರಿನ ಟ್ರಾಫಿಕ್ಕು, ಟೊಮೇಟೊ ಹೇರಿಕೊಂಡು ಮುಂದೆಯೇ ತೆವಳುವ ಟೆಂಪೊ, ಲೆಕ್ಕವಿಲ್ಲದ ಹಂಪುಗಳು. ಒಂದೊಂದು ಸಲ ಬ್ರೇಕು ಒತ್ತಿದಾಗಲೂ ಅವರ ಮುಖ ಸಣ್ಣದಾಗುತ್ತಿತ್ತು. ಶಾಲೆಯ ಗೇಟಿನ ಮುಂದೆ ದಿನಾ ನನಗೆ ಹದಿನೇಳು ತೋರಿಸುವ ಪರದೆ ಅವರಿಗೆ ಹದಿನಾರು ತೋರಿಸಿತು. ಸುಳ್ಳುಗಾರ ಎಂದು ಬಾಯ್ತುಂಬ ಬೈದಿದ್ದ ಅದನ್ನೇ ಆ ಗಳಿಗೆಯಲ್ಲಿ ನಾನು ಸಂಪೂರ್ಣ ನಂಬಿದೆ. ನನ್ನ ಹದಿನೇಳರಲ್ಲೂ ಕೊಸರು ಸೇರಿದೆ ಎಂಬುದನ್ನು ನಾನಾಗಿ ಎತ್ತಲಿಲ್ಲ. ಅಷ್ಟು ಸತ್ಯವನ್ನು ಸಂಸಾರ ತಡೆದುಕೊಳ್ಳುವುದಿಲ್ಲ.

ಗಂಡ ಇಳಿದು, ಕೀಲಿಯನ್ನು ನನ್ನ ಕೈಗಿಟ್ಟರು.

“ನೀನೇ ಇಟ್ಕೊ. ನಾನು ಬಸ್ಸಲ್ಲಿ ಹೋಗ್ತೀನಿ.”

ಅಲ್ಲಿಂದ ಮತ್ತಿಗಿರಿಗೆ ಎರಡು ಬಸ್ಸು. ಶಿಫ್ಟಿಗೆ ಹೇಗೋ ಮುಟ್ಟಿದರಂತೆ, ಒಂಟಿ ಕಾಲಲ್ಲಿ. ಅವತ್ತಿನಿಂದ ನಮ್ಮ ಮನೆಯಲ್ಲಿ ಬಸ್ಸಿನ ಮಾತು ಬಂದಿಲ್ಲ.

ಈಗ ಪರದೆಯಲ್ಲಿ ಮೈಲೇಜು ಬರದಂತೆ ಮಾಡಿ, ಆ ಜಾಗಕ್ಕೆ ಗಡಿಯಾರ ತಂದಿದ್ದೇನೆ. ಮೊನ್ನೆ ಪಕ್ಕದಲ್ಲಿ ಕೂತಿದ್ದ ಅತ್ತೆ, ಇದೂ ಹತ್ತು ನಿಮಿಷ ಮುಂದೈತಲ್ಲ ಅಂದರು. ಅದು ಕಾರಿನ ತಪ್ಪಲ್ಲ. ಬೆಳಿಗ್ಗೆ ಶಾಲೆಗೆ ತಡವಾಗದಿರಲಿ ಅಂತ ನಾನೇ ಹಾಕಿಕೊಂಡ ಕೊಸರು, ನನ್ನ ಒಳ್ಳೆಯದಕ್ಕೇ.