ಮಾವ ವಿಮಾನ ನಿಲ್ಲಿಸಿದ್ದು

ಗೋವೆಯಿಂದ ಮುಂಬಯಿಗೆ ವಿಮಾನದಲ್ಲಿ ಒಂದೇ ತಾಸು. ಆದರೆ ಕೋಲಸಿರ್ಸಿಯಿಂದ ಗೋವೆಗೆ ಹೊರಟ ನಮ್ಮ ಕಾರು ದೇವಿಮನೆ ಘಟ್ಟದಲ್ಲೇ ಸಿಕ್ಕಿಬಿತ್ತು. ಲಾರಿಯೊಂದು ರಸ್ತೆಗೆ ಅಡ್ಡ ಬಿದ್ದಿತ್ತು. ಮುಂಬಯಿಯಲ್ಲಿ, ನನ್ನ ಜೊತೆಗಿದ್ದ ಸೋದರಮಾವನ ಮಗನಿಗೆ ಮರುದಿನ ಬೆಳಿಗ್ಗೆ ಹೃದಯದ ಆಪರೇಶನ್. ಅಪ್ಪನನ್ನು ನೋಡದೆ ಒಳಗೆ ಹೋಗುವುದಿಲ್ಲ ಎಂದು ಅವನು ಹಟ ಹಿಡಿದಿದ್ದ. ಅಂಕೋಲೆ ಮುಟ್ಟುವಾಗ, ವಿಮಾನ ತಪ್ಪಿಯೇ ಹೋಯಿತು ಎಂದೆ.

"ಎಂತಕ್ಕೆ ಹೆದರ್ತೆ ಮಾರಾಯಾ? ಫೋನ್ ಮಾಡಿದ್ರೆ ನಿಲ್ಲಿಸ್ತ," ಎಂದರು ಪಕ್ಕದಲ್ಲಿದ್ದ ಮಾವ. ಊರಿನ ಬಸ್ಸು ದಿನಾ ಅವರಿಗಾಗಿ ಕಾಯುತ್ತಿತ್ತು. ಎಸ್‌ಟಿಡಿ ಬೂತಿಗೆ ಹೋಗಿ, ತಮಗೆ ಬರುವಷ್ಟು ಕೊಂಕಣಿಯಲ್ಲಿ ವಿಮಾನ ನಿಲ್ದಾಣದವಳಿಗೆ ಹೇಳಿಯೇಬಿಟ್ಟರು: "ಇಬ್ಬರು ಬರುವವರಿದ್ದೇವೆ, ಸ್ವಲ್ಪ ನಿಲ್ಲಿಸಿಟ್ಟುಕೊಳ್ಳಿ. ಮೇಲೆ ಘಟ್ಟವೇನೂ ಇಲ್ಲವಲ್ಲ, ಜೋರಾಗಿ ಓಡಿಸಿ ಹೊತ್ತು ಸರಿಮಾಡಿದರಾಯಿತು."

ಆ ಕಡೆ ಫೋನ್ ಇಟ್ಟ ಸದ್ದು ನನಗೂ ಕೇಳಿತು. ಮಾವ ಮಾತ್ರ "ಹೇಳಾತು ಬಿಡು" ಎಂದು ಎಲೆಯಡಿಕೆಯ ಕವಳ ಹಾಕಿದರು.

ಓಡುತ್ತ ನಿಲ್ದಾಣದ ಒಳಹೊಕ್ಕೆವು. ಮುಂಬಯಿಯಲ್ಲಿ ಜೋರು ಮಳೆಯಂತೆ, ವಿಮಾನ ಹೊರಟಿರಲಿಲ್ಲ. ಕಾದು ಸಿಟ್ಟಿಗೆದ್ದವರು ಕೌಂಟರಿನ ಹುಡುಗಿಯ ಮೇಲೆ ಕೂಗಾಡುತ್ತಿದ್ದರು. ಮಾವ ಅವರ ನಡುವೆ ನಿಂತು ಕೈಮುಗಿದರು.

"ಅವಳಿಗೆ ಬೈಯಬೇಡಿ. ತಡವಾದದ್ದು ನಮ್ಮಿಂದ."

ಅಷ್ಟೂ ಜನ ನಮ್ಮತ್ತ ತಿರುಗಿದರು. ಮುಂಬಯಿವರೆಗಿನ ಆ ಒಂದು ತಾಸು ನಮ್ಮನ್ನು ಯಾರೂ ಮಾತಾಡಿಸಲಿಲ್ಲ. ಮಾವನಿಗೆ ಅದರ ಪರಿವೆಯೇ ಇರಲಿಲ್ಲ. ವಿಮಾನದವನು ಹೊತ್ತು ಸರಿಮಾಡುತ್ತಾನೋ ಇಲ್ಲವೋ ಎಂದು ಗಡಿಯಾರ ನೋಡುತ್ತ ಕೂತಿದ್ದರು.